ಸುಣ್ಣ ಬಳಿದ ಕೋಣೆ

ನನಗೆ ಸರ್ಕಾರಿ ಕೆಲಸ ಸಿಕ್ಕ ದಿನ ಅಪ್ಪ ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟು ಬಂದರು. ಕೆಲಸ ಏನೆಂದು ಕೇಳಿದವರಿಗೆ "ಲ್ಯಾಬೋರೇಟರಿ" ಎಂದಷ್ಟೇ ಹೇಳಿದರು. ಸತ್ತವರ ಹೊಟ್ಟೆಯಲ್ಲಿ ವಿಷ ಇದೆಯೇ ಎಂದು ಹುಡುಕುವ ಲ್ಯಾಬೋರೇಟರಿ ಅದು ಎಂಬುದನ್ನು ಅಮ್ಮನಿಗೂ ಸರಿಯಾಗಿ ಹೇಳಿರಲಿಲ್ಲ. ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ಹಳಿಯ ಮೇಲೆ ಬಿದ್ದ ಹೆಣಗಳನ್ನು ನೋಡಿದ ಮನುಷ್ಯ. ಆದರೂ ಮಗಳಿಗೆ ಗಂಡು ಹುಡುಕಬೇಕಾದಾಗ ಈ ಕೆಲಸದ ಸುದ್ದಿ ಅಡ್ಡ ಬರುತ್ತದೆ ಎಂಬುದು ಅವರ ಲೆಕ್ಕಾಚಾರ.

ಅರವತ್ತರ ದಶಕದ ಮೊದಲ ವರ್ಷಗಳವು. ಪೊಲೀಸರ ವಿಜ್ಞಾನ ಪ್ರಯೋಗಾಲಯದ ಮುಖ್ಯ ಕಚೇರಿ ಊರೊಳಗಿತ್ತು. ವಿಷಪರೀಕ್ಷೆಯ ನಮ್ಮ ವಿಭಾಗವನ್ನು ಮಾತ್ರ, ವಾಸನೆಯ ಕಾರಣಕ್ಕೆ ಇರಬೇಕು, ಹೆಬ್ಬಾಳದ ಕಡೆ ಬಳ್ಳಾರಿ ರಸ್ತೆಯಿಂದ ಒಳಗಿದ್ದ ಒಂದು ಹಳೇ ಬಂಗಲೆಗೆ ತಳ್ಳಿದ್ದರು. ಹಿಂದೆ ಯಾರೋ ದೊರೆಯ ಮನೆಯಂತೆ. ಸುತ್ತ ದ್ರಾಕ್ಷಿ ತೋಟ, ತರಕಾರಿ ಮಡಿ. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಾಯಿಸಿ, ಇಳಿದ ಮೇಲೆ ಮಣ್ಣುದಾರಿಯಲ್ಲಿ ನಡೆದು ಹೋಗಬೇಕಿತ್ತು. ಕಾಂಪೌಂಡು ದಾಟುವ ಮೊದಲೇ ಫಾರ್ಮಲಿನ್ನು, ಆಸಿಡ್ಡು, ಮತ್ತೆ ಅವೆರಡರ ಅಡಿಯಿಂದ ಏಳುವ ಇನ್ನೊಂದು ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮೊದಲ ದಿನ ವಿಭಾಗದ ಮುಖ್ಯಸ್ಥರು ನನ್ನ ಆರ್ಡರನ್ನು ಓದಿ ಮೇಜಿನ ಮೇಲೆ ಇಟ್ಟರು. ದಪ್ಪ ಕನ್ನಡಕ, ಇಸ್ತ್ರಿಯ ಕೋಟು, ಬಾಯಲ್ಲಿ ಯಾವಾಗಲೂ ಏಲಕ್ಕಿ.

"ನಾನು ಹುಡುಗರನ್ನ ಕೇಳಿದ್ದೆ. ನಿಮ್ಮನ್ನ ಕಳಿಸಿದ್ದಾರೆ," ಎಂದರು. "ಇರ್ಲಿ. ಮದುವೆ ಆಗೋವರೆಗೂ ತಾನೇ."

ಅಲ್ಲಿ ಅವರನ್ನು ಬಿಟ್ಟರೆ ಮೂರೇ ಜನ. ನಲವತ್ತು ದಾಟಿದ ಹಿರಿಯ ಸಹಾಯಕರೊಬ್ಬರು. ಯಲಹಂಕದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ಮನೆಮಾತು ದಖನಿ ಉರ್ದು, ನರೆತ ಸಣ್ಣ ಗಡ್ಡ. ನನಗಿಂತ ಒಂದೆರಡು ವರ್ಷ ದೊಡ್ಡವನಾದ ಕಿರಿಯ ಸಹಾಯಕ. ಮತ್ತೀಕೆರೆಯವನು, ನಗಿಸುವುದೇ ಅವನ ಕಸುಬು. ಮತ್ತೆ ಶೆಟ್ಟಿಹಳ್ಳಿಯ ಒಬ್ಬ ವಯಸ್ಸಾದ ಅಟೆಂಡರ್, ಸತ್ತವರ ಕರುಳು ಇಟ್ಟು ಕಳಿಸುವ ಗಾಜಿನ ಜಾಡಿಗಳನ್ನು ಎತ್ತಿ ಇಳಿಸುವವನು. ಮೂವರೂ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಮೊದಲ ಕೆಲವು ದಿನ ನನಗೆ ಕೊಟ್ಟ ಕೆಲಸ ಗಾಜಿನ ಸಾಮಾನು ತೊಳೆಯುವುದು ಮಾತ್ರ. ಊಟಕ್ಕೆ ಅವರು ಹುಣಸೇಮರದ ಕೆಳಗೆ ಕೂರುತ್ತಿದ್ದರು, ನಾನು ತಕ್ಕಡಿಗಳನ್ನು ಇಟ್ಟಿದ್ದ ಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು ತಿನ್ನುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಮುಚ್ಚಿದ ತಟ್ಟೆ ಇತ್ತು. ಕಿರಿಯ ಸಹಾಯಕ, "ಅರ್ಜೆಂಟ್ ಕೇಸು ಕಣ್ರೀ, ತೂಕ ಮಾಡಿ ಕೊಡ್ಬೇಕಂತೆ," ಎಂದ. ಮುಚ್ಚಳ ತೆಗೆದೆ. ಒಂದು ಗುಂಡಿಗೆ, ರಕ್ತ ಇನ್ನೂ ಹಸಿ. ತೂಕದ ತಟ್ಟೆಗೆ ಎತ್ತಿ ಇಡುವಷ್ಟರಲ್ಲಿ ಹಿಂದೆ ಕಿಸಕ್ಕನೆ ನಗು. ಕುರಿಯದು, ಹೆಬ್ಬಾಳದ ಕಟುಕರ ಅಂಗಡಿಯಿಂದ ತಂದದ್ದು. ಹೊರಗೆ ಓಡಿ ದ್ರಾಕ್ಷಿ ಬೇಲಿಯ ಪಕ್ಕ ವಾಂತಿ ಮಾಡಿಕೊಂಡೆ.

ತಲೆ ಎತ್ತಿದಾಗ ಹಿರಿಯ ಸಹಾಯಕರು ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ನಿಂಬೆ ಎಲೆ ಕಿವುಚಿ ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ಅವನಿಗೆ ಜೋರು ಮಾಡದೆ, "ನೀನು ಬಂದ ಮೊದಲನೇ ವಾರ ಎಲ್ಲಿ ಬಿದ್ದಿದ್ದೆ, ಯಾರು ಎತ್ಕೊಂಡ್ ಬಂದ್ರು ಅಂತ ಮೇಡಂಗೆ ಹೇಳ್ಲಾ?" ಎಂದರು. ಅವನ ನಗು ಅಲ್ಲಿಗೆ ನಿಂತಿತು. ಅಂದಿನಿಂದ ಅವರು ನನಗೆ ಕೆಲಸ ಕಲಿಸತೊಡಗಿದರು.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ಪುಸ್ತಕ ತೆಗೆಯುತ್ತಿರಲಿಲ್ಲ. ಕರುಳಿನ ಚೂರನ್ನು ಆಸಿಡ್ಡಿನಲ್ಲಿ ಕುದಿಸಿ, ಅದರಲ್ಲಿ ಉಜ್ಜಿದ ತಾಮ್ರದ ಸಣ್ಣ ಪಟ್ಟಿಯನ್ನು ಬಿಟ್ಟು, "ಈಗ ಸುಮ್ನೆ ನೋಡ್ತಾ ಇರಿ" ಎನ್ನುತ್ತಿದ್ದರು. ಪಾಷಾಣ ಇದ್ದರೆ ತಾಮ್ರ ನಿಧಾನಕ್ಕೆ ಕಪ್ಪಾಗುತ್ತಿತ್ತು. ಹಾಗೆ ಕಪ್ಪಾಗುವುದನ್ನು ಮೊದಲ ಸಲ ಕಂಡಾಗ ನಾನು ಇನ್ನಷ್ಟು ಬಗ್ಗಿ ನೋಡಿದೆ. ಯಾರೋ ಯಾರಿಗೋ ಅನ್ನದಲ್ಲಿ ಕಲಸಿ ಇಟ್ಟದ್ದು ನನ್ನ ಕಣ್ಣೆದುರು ಎದ್ದು ಬಂದ ಹಾಗೆ. ಜಾಡಿಯ ಮೇಲಿನ ಚೀಟಿಯನ್ನು ಕೆಲಸ ಮುಗಿಯುವವರೆಗೆ ಪೂರ್ತಿ ಓದಬೇಡಿ ಎಂದೂ ಅವರು ಹೇಳಿಕೊಟ್ಟರು. "ನಂಬರ್ ಮಾತ್ರ ನೋಡಿ. ಹೆಸರು, ವಯಸ್ಸು ಓದಿದ್ರೆ ಕೈ ನಡುಗುತ್ತೆ. ನನಗೆ ಈಗ್ಲೂ ನಡುಗುತ್ತೆ."

ವರ್ಷ ಕಳೆಯುವಷ್ಟರಲ್ಲಿ ಅವರ 'ಮೇಡಂ' ಹೋಗಿ, ಮಗಳೇ ಎನ್ನುವ 'ಬೇಟಿ' ಬಂದಿತ್ತು. 'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ. ಹುಣಸೇಮರದ ಕೆಳಗೆ ನನಗೂ ಜಾಗವಾಯಿತು. ಕಿರಿಯ ಸಹಾಯಕ ಅಮ್ಮನ ಚಿತ್ರಾನ್ನಕ್ಕೆ ಕೈ ಚಾಚುತ್ತಿದ್ದ. ಬದಲಿಗೆ ಹುರಿದ ಕಡಲೆಕಾಯಿ ತರುತ್ತಿದ್ದ. ಅಟೆಂಡರ್ ಅವರೆಕಾಯಿ ಕಾಲದಲ್ಲಿ ತನ್ನ ಹೊಲದ ಕಾಯನ್ನು ಟವೆಲಿನಲ್ಲಿ ಕಟ್ಟಿ ತಂದು, "ಸೊಗಡು ಐತೆ, ವಾಸ್ನೆ ನೋಡವ್ವ," ಎಂದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಆ ಕಟ್ಟಡದಲ್ಲಿ ಒಳ್ಳೆಯ ವಾಸನೆ ಎಂದು ಇದ್ದದ್ದು ಅದೊಂದೇ.

ರಂಜಾನ್ ಹಬ್ಬಕ್ಕೆ ಹಿರಿಯ ಸಹಾಯಕರು ನನ್ನನ್ನು ಯಲಹಂಕದ ಮನೆಗೆ ಕರೆದರು. ಅಮ್ಮನಿಗೆ ಗೆಳತಿಯ ಮನೆ ಎಂದು ಹೇಳಿ ಹೋದೆ. ಕೋಟೆ ಬೀದಿಯ ಹಿಂದಿನ ಒಂದು ಸಾಲುಮನೆ. ಅವರ ಹೆಂಡತಿಗೆ ಎದೆರೋಗ. ಗೋಡೆಗೆ ದಿಂಬು ಒರಗಿಸಿ ಕೂತೇ ಮಾತಾಡುವವರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಶಿವಾಜಿನಗರದ ಕಡೆ ಗಂಡು ಗೊತ್ತಾಗಿತ್ತು. ಅವಳು ಹಬ್ಬದ ಶಾವಿಗೆ ಪಾಯಸ, ಶೀರ್ ಕುರ್ಮಾದ ಬಟ್ಟಲನ್ನು ನನ್ನ ಮುಂದಿಟ್ಟು, "ಅಬ್ಬಾ ದಿನಾ ನಿಮ್ಮ ವಿಷ್ಯಾನೇ ಹೇಳ್ತಾರೆ," ಎಂದಳು. ಅವಳ ಅಪ್ಪ ನಾಚಿ ಬಾಗಿಲ ಕಡೆ ತಿರುಗಿಕೊಂಡರು. ನನ್ನ ಸ್ವಂತ ಅಪ್ಪ ನನ್ನ ಕೆಲಸದ ಹೆಸರನ್ನೇ ಎತ್ತದಿದ್ದ ಕಾಲದಲ್ಲಿ ಯಾರದೋ ಮನೆಯಲ್ಲಿ ನನ್ನ ಕೆಲಸದ ಮಾತು ದಿನವೂ ನಡೆಯುತ್ತಿತ್ತು.

ಅದೇ ದಿನಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ ಮಾಕಳಿಯ ಕಡೆಯ ಒಂದು ಜಾಡಿ ಬಂತು. ಮದುವೆಯಾಗಿ ವರ್ಷ ತುಂಬದ ಹುಡುಗಿ. ಗಂಡನ ಮನೆಯವರು ವಾಂತಿಭೇದಿ ಎಂದರಂತೆ, ತಾಯಿ ವಿಷ ಎಂದು ಪೊಲೀಸರ ಹತ್ತಿರ ಹೋದಳಂತೆ. ಇದನ್ನೆಲ್ಲ ಜಾಡಿ ತಂದ ಪೇದೆ ಅಟೆಂಡರಿಗೆ ಹೇಳಿದ್ದ, ಅಟೆಂಡರ್ ನನಗೆ ಹೇಳಿದ. ಕೆಲವು ದಿನಕ್ಕೆ ಆ ತಾಯಿಯೇ ನಮ್ಮ ಗೇಟಿನ ಹತ್ತಿರ ಬಂದು ಕೂತಳು. ಗಟ್ಟಿಮುಟ್ಟಾದ ಹೆಂಗಸು, ಹೊಲದಲ್ಲಿ ದುಡಿದ ಕೈಗಳು. ನಾನು ಬಸ್ಸಿಗೆ ಹೊರಟಾಗ ಎದ್ದು ನಿಂತಳು.

"ನನ್ ಮಗೀದು ಏನಾದ್ರೂ ಗೊತ್ತಾಯ್ತೇನವ್ವ?"

ಕೇಸಿನವರ ಜೊತೆ ನಾವು ಮಾತಾಡುವಂತಿರಲಿಲ್ಲ. "ಪೊಲೀಸ್ನೋರನ್ನ ಕೇಳಿ ಅಮ್ಮಾ," ಎಂದೆ.

"ಅವ್ರು ನಿಮ್ಮನ್ ಕೇಳು ಅಂತಾರೆ," ಎಂದಳು, ಯಾವ ದೂರೂ ಇಲ್ಲದ ದನಿಯಲ್ಲಿ.

ಅವಳು ಮತ್ತೆ ಮತ್ತೆ ಬಂದಳು. ಮಾಕಳಿಯಿಂದ ಯಶವಂತಪುರಕ್ಕೆ, ಅಲ್ಲಿಂದ ಇಲ್ಲಿಗೆ. ನಮ್ಮಲ್ಲಿ ಜಾಡಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದವು. ಜನ ಕಡಿಮೆ, ಸಾವು ಜಾಸ್ತಿ. ಆ ಜಾಡಿಯನ್ನು ಮುಂದೆ ತೆಗೆದುಕೊಳ್ಳೋಣವೇ ಎಂದು ಹಿರಿಯ ಸಹಾಯಕರನ್ನು ಕೇಳಿದೆ. ಸರದಿ ತಪ್ಪಿಸುವುದು ಅವರಿಗೆ ಆಗದ ಮಾತು. ಆದರೂ ಮತ್ತೆ ಕೇಳಿದಾಗ ಗಡ್ಡ ಸವರಿಕೊಂಡು, "ಬರೋ ವಾರ ತೆಗೆಯೋಣ ಬೇಟಿ. ನೀನೇ ಮಾಡು, ನಾನು ಪಕ್ಕದಲ್ಲಿ ಇರ್ತೀನಿ," ಎಂದರು.

ಆ ಬರುವ ವಾರಕ್ಕೆ ಸರಿಯಾಗಿ ಸರ್ಕಾರದ ಹಿರಿಯ ಅಧಿಕಾರಿಯೊಬ್ಬರು ನಮ್ಮ ವಿಭಾಗ ನೋಡಲು ಬರುತ್ತಾರೆಂದು ಸುದ್ದಿ ಬಂತು. ಮುಖ್ಯಸ್ಥರಿಗೆ ಮುಖ್ಯ ಕಚೇರಿಗೆ ಹೋಗುವ ಆಸೆ ಬಹಳ ದಿನದಿಂದ ಇತ್ತು. ಬಂದವರಿಗೆ ಊಟ ಎಲ್ಲಿ ಹಾಕುವುದು ಎಂಬುದೇ ಅವರ ಚಿಂತೆಯಾಯಿತು. ಕಟ್ಟಡದಲ್ಲಿ ತಣ್ಣಗಿದ್ದ ಕೋಣೆ ಒಂದೇ, ಜಾಡಿಗಳನ್ನು ಬೀಗ ಹಾಕಿ ಇಟ್ಟಿದ್ದ ಕೋಣೆ. ಅದನ್ನು ಖಾಲಿ ಮಾಡಿಸಿ ಸುಣ್ಣ ಬಳಿಸಿ ಎಂದು ನಮ್ಮನ್ನು ಕರೆದು ಹೇಳಿದರು. ನಾನು, ಕಿರಿಯ ಸಹಾಯಕ, ಹಿರಿಯರು, ಮೂವರೂ ಅಲ್ಲೇ ನಿಂತಿದ್ದೆವು, ಬಾಗಿಲ ಹತ್ತಿರ ಅಟೆಂಡರ್.

"ಸಾರ್, ಅದು ಕೋರ್ಟಿನ ಮಾಲು. ಬೀಗದ ಒಳಗೇ ಇರ್ಬೇಕು," ಎಂದರು ಹಿರಿಯ ಸಹಾಯಕರು.

"ಎರಡು ದಿನದ ಮಾತು. ಹಿಂದಿನ ಜಗಲಿ ಮೇಲೆ ಹಲಗೆ ಹಾಕಿ ಇಡಿಸಿ. ಮೇಲೆ ಗೋಣಿ ಮುಚ್ಚಿ."

"ಅಲ್ಲಿ ನಾಯಿಗಳು ಇವೆ ಸಾರ್."

ಮುಖ್ಯಸ್ಥರು ಏಲಕ್ಕಿಯನ್ನು ಬಾಯಿಯ ಆಚೆ ಬದಿಗೆ ತಳ್ಳಿದರು. "ನಾಯಿಗೆ ಹೆದರಿ ದೊಡ್ಡ ಮನುಷ್ಯರನ್ನ ಸ್ಮಶಾನದಲ್ಲಿ ಕೂರಿಸಿ ಊಟ ಹಾಕ್ಲಾ? ಹೇಳಿದಷ್ಟು ಮಾಡಿ."

ಅಟೆಂಡರ್ ಇಟ್ಟಿಗೆ ಜೋಡಿಸಿ ಹಲಗೆ ಹಾಕಿದ. ನಾವೆಲ್ಲ ಸೇರಿ ಜಾಡಿಗಳನ್ನು ಹೊತ್ತು ಇಟ್ಟೆವು. ಕೋಣೆ ಬೆಳ್ಳಗಾಯಿತು. ಅಧಿಕಾರಿ ಬಂದರು, ಬರ್ನರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಬೆಳ್ಳಗಾದ ಕೋಣೆಯಲ್ಲಿ ಹೋಳಿಗೆ ಊಟ ಮಾಡಿದರು, ಇಲ್ಲಿ ಇಷ್ಟು ಚೊಕ್ಕಟ ಇರುತ್ತದೆಂದು ತಿಳಿದಿರಲಿಲ್ಲ ಎಂದು ಹೊಗಳಿ ಹೋದರು. ಗೋಡೆ ಇನ್ನೂ ಹಸಿ ಇದೆ, ಜಾಡಿ ನಾಳೆ ಒಳಗೆ ಇಡಿ ಎಂದು ಮುಖ್ಯಸ್ಥರು ಹೇಳಿ ಮನೆಗೆ ಹೊರಟರು. ಆ ಸಂಜೆ ಬೇಸಿಗೆಯ ಮೊದಲ ಮಳೆ, ಗಾಳಿ ಸಮೇತ ಬಂತು.

ಮರುದಿನ ನಾನು ಬಂದಾಗ ಎಲ್ಲರೂ ಹಿತ್ತಲಲ್ಲಿ ನಿಂತಿದ್ದರು. ಹಲಗೆ ಒಂದು ಕಡೆ ಕುಸಿದಿತ್ತು. ಗೋಣಿಚೀಲ ಬೇಲಿಗೆ ಸಿಕ್ಕಿಕೊಂಡಿತ್ತು. ಗಾಜಿನ ಚೂರುಗಳ ನಡುವೆ, ಕರುಳು ಕೆಡದಂತೆ ಹಾಕಿದ್ದ ಉಪ್ಪುನೀರು ಇಂಗಿ ಮಣ್ಣು ಬಿಳಿಚಿತ್ತು. ಜಾಡಿಯೊಳಗೆ ಇದ್ದದ್ದು ಏನೂ ಉಳಿದಿರಲಿಲ್ಲ, ಸುತ್ತ ಕೆಸರಿನಲ್ಲಿ ನಾಯಿಗಳ ಹೆಜ್ಜೆ. ಅಟೆಂಡರ್ ಕುಕ್ಕರಗಾಲಿನಲ್ಲಿ ಕೂತು ಅರಗಿನ ಮುದ್ರೆ ಇದ್ದ ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ಸಾಲಾಗಿ ಇಡುತ್ತಿದ್ದ. ಒಂದು ಚೂರಿಗೆ ಚೀಟಿ ಅಂಟಿಕೊಂಡೇ ಇತ್ತು. ನಂಬರು ನೋಡಿದೆ. ಆಮೇಲೆ ಹೆಸರನ್ನೂ ಓದಿದೆ. ಮಾಕಳಿಯ ಹುಡುಗಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು.

ಮುಖ್ಯಸ್ಥರು ಬಂದು ನೋಡಿದರು. ಬಾಯಲ್ಲಿ ಏಲಕ್ಕಿ ಇರಲಿಲ್ಲ. ಹಿರಿಯ ಸಹಾಯಕರನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಊಟದ ಹೊತ್ತು ಮೀರಿದರೂ ಬಾಗಿಲು ತೆಗೆಯಲಿಲ್ಲ.

ಮುಖ್ಯ ಕಚೇರಿಯಿಂದ ವಿಚಾರಣೆಗೆ ಒಬ್ಬರು ಬರುತ್ತಾರೆಂದು ತಿಳಿಯಿತು. ಹಿಂದಿನ ದಿನ ಸಂಜೆ ಹಿರಿಯ ಸಹಾಯಕರು ನನ್ನ ಹತ್ತಿರ ಬಂದು, "ನಾಳೆ ಏನು ಕೇಳಿದ್ರೂ ನಂಗೊತ್ತಿಲ್ಲ ಅನ್ನು ಬೇಟಿ. ನೀನು ಹೊಸಬಳು," ಎಂದರು. ನನ್ನನ್ನು ಕಾಪಾಡಲು ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಬಸ್‌ಸ್ಟಾಪಿನ ದಾರಿಯಲ್ಲಿ ಕಿರಿಯ ಸಹಾಯಕ ನನ್ನ ಪಕ್ಕಕ್ಕೆ ಬಂದ.

"ದೊಡ್ಡ ಸಾರ್ ಎಲ್ಲಾ ಆಯಪ್ಪನ ತಲೆಗೆ ಕಟ್ತಿದ್ದಾರೆ ಕಣ್ರೀ. ಜಾಡಿ ಹೊರಗಿಟ್ಟಿದ್ದು ತಾನೇ ಅಂತ ಆಯಪ್ಪನ ಕೈಲಿ ಬರೆಸಿಕೊಂಡಿದ್ದಾರಂತೆ."

"ನಾವು ಕೇಳಿಸ್ಕೊಂಡಿದ್ದೀವಲ್ಲ. ಇಬ್ರೂ ಹೇಳೋಣ."

"ನಾನಂತೂ ಅವತ್ತು ಅಲ್ಲಿ ಇರ್ಲೇ ಇಲ್ಲ," ಎಂದ ಅವನು, ನನ್ನ ಕಡೆ ನೋಡದೆ. "ನೀವೂ ಇರ್ಲಿಲ್ಲ ಅಂದ್ಕೊಳ್ಳಿ. ಯಾಕೆ ಸುಮ್ನೆ."

ನನಗೆ ನಿದ್ದೆ ಬರಲಿಲ್ಲ. ಆ ಮನುಷ್ಯ ನನಗೆ ಕಲಿಸಿದ್ದೆಲ್ಲ ನೆನಪಾಯಿತು. ಒಬ್ಬ ಒಳ್ಳೆಯವರ ಮೇಲೆ ಸುಳ್ಳು ಹೊರಿಸುತ್ತಿದ್ದಾರೆ, ನಾನು ಬಾಯಿ ತೆರೆದರೆ ಅದು ನಿಲ್ಲುತ್ತದೆ. ಆ ವಯಸ್ಸಿನಲ್ಲಿ ನನಗೆ ಕಂಡದ್ದು ಇಷ್ಟೆ.

ವಿಚಾರಣೆಯ ಅಧಿಕಾರಿ ಅದೇ ಸುಣ್ಣ ಬಳಿದ ಕೋಣೆಯಲ್ಲಿ ಕೂತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದರು. ಜಾಡಿಗಳನ್ನು ಹೊರಗಿಡಲು ಹೇಳಿದವರು ಯಾರೆಂದು ನಿಮಗೆ ಗೊತ್ತೇ ಎಂದು ನನ್ನನ್ನು ಕೇಳಿದರು, ಇಲ್ಲ ಎಂಬ ಉತ್ತರವನ್ನು ಬರೆಯಲು ಪೆನ್ನು ಆಗಲೇ ಕಾಗದದ ಮೇಲಿತ್ತು.

"ಗೊತ್ತು ಸಾರ್," ಎಂದೆ. ನಡೆದದ್ದನ್ನು ಮಾತಿಗೆ ಮಾತು ಹೇಳಿದೆ. ಹಿರಿಯ ಸಹಾಯಕರು ಎರಡು ಸಲ ಬೇಡ ಎಂದದ್ದು, ನಾಯಿಯ ಮಾತು, ಸ್ಮಶಾನದ ಮಾತು. ಅವರು ಬರೆದುಕೊಂಡರು, ಓದಿ ಹೇಳಿದರು, ಸಹಿ ಮಾಡಿಸಿಕೊಂಡರು. ಹೊರಗೆ ಬಂದಾಗ ನನ್ನ ಎದೆ ಹಗುರವಾಗಿತ್ತು. ಹಿರಿಯ ಸಹಾಯಕರು ನನ್ನ ತಲೆ ಸವರುತ್ತಾರೆ ಎಂದು ಕೂಡ ಅನಿಸಿತ್ತು.

ಅಧಿಕಾರಿ ಹಿರಿಯ ಸಹಾಯಕರನ್ನು ಮತ್ತೆ ಒಳಗೆ ಕರೆದರು. ತೆರೆದ ಕಿಟಕಿಯಿಂದ ಅವರ ದನಿ ನನಗೆ ಕೇಳಿಸಿತು. "ಆ ಹುಡುಗಿ ಹೊಸಬಳು ಸಾರ್. ಏನೋ ತಪ್ಪು ಕೇಳಿಸಿಕೊಂಡಿದ್ದಾಳೆ. ಇಟ್ಟಿದ್ದು ನಾನೇ."

ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಅವರು ಸಿಕ್ಕಿದರು. ಸೋಪು ಹಚ್ಚಿದ ಕೈಯನ್ನು ತೊಳೆಯದೆ ಹಾಗೇ ಹಿಡಿದುಕೊಂಡು ನಿಂತಿದ್ದರು.

"ನಿನ್ನನ್ನ ಯಾರು ಕೇಳಿದ್ರು?" ಎಂದರು.

"ಸಾರ್, ಅವರು ನಿಮ್ಮ ಮೇಲೆ..."

"ನನ್ನ ಮೇಲೆ ಹಾಕ್ತಿರೋದು ನಂಗೆ ಗೊತ್ತಿಲ್ವಾ? ನಾನೇ ಒಪ್ಕೊಂಡಿದ್ದು. ಒಂದು ವಾರ್ನಿಂಗ್ ಕಾಗದ, ಅಷ್ಟೇ. ಅಲ್ಲಿಗೆ ಮುಗೀತಿತ್ತು. ಬದಲಿಗೆ ರಿಟೈರ್ ಆಗೋವರೆಗೂ ನನ್ನನ್ನ ಈ ಊರಿಂದ ಕದಲಿಸಲ್ಲ ಅಂತ ಮಾತು ಕೊಟ್ಟಿದ್ರು. ನನ್ನ ಹೆಂಡತಿನ ನೋಡಿದ್ದೀಯಲ್ಲ. ಅವಳಿಗೆ ಆಸ್ಪತ್ರೆ ಇರೋದು ಇಲ್ಲಿ. ಮಗಳ ಮದುವೆ ಇರೋದು ಇಲ್ಲಿ." ಅವರ ದನಿ ಏರಲಿಲ್ಲ. "ಈಗ ಎರಡು ಹೇಳಿಕೆ ಆಯ್ತು. ಒಬ್ರು ಸುಳ್ಳು ಹೇಳಿರ್ಬೇಕು. ಯಾರು ಅಂತ ಬರೀತಾರೆ, ನೀನೇ ಹೇಳು."

ಅವರು ಕೈ ತೊಳೆದುಕೊಂಡರು.

"ಇನ್ನೂ ಟೈಮ್ ಇದೆ. ಅವರು ನಾಳೆನೂ ಬರ್ತಾರೆ. ಗಾಬರೀಲಿ ಏನೋ ಹೇಳಿದೆ, ಸರಿಯಾಗಿ ಕೇಳಿಸ್ಕೊಂಡಿರ್ಲಿಲ್ಲ ಅಂತ ಬರ್ಕೊಟ್ಬಿಡು."

ನಾನು ಆ ಕ್ಷಣದಲ್ಲಿ ಮಾಕಳಿಯ ಹೆಂಗಸನ್ನು ನೆನೆದೆನೋ, ಮುಖ್ಯಸ್ಥರ ಮೇಲಿನ ಸಿಟ್ಟನ್ನೋ, ಸಹಿ ಮಾಡಿದ ಮೇಲೆ ಮಾತು ತಿರುಗಿಸಿದ ಹುಡುಗಿ ಎಂದು ನನ್ನನ್ನು ಕರೆಯುವುದನ್ನೋ, ಈಗ ಬೇರ್ಪಡಿಸಿ ಹೇಳಲಾರೆ. "ಆಗಲ್ಲ ಸಾರ್," ಎಂದೆ. "ನಾನು ಸರಿಯಾಗೇ ಕೇಳಿಸ್ಕೊಂಡೆ."

ಅವರು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದರು. "ಸರಿ. ನೀವು ಓದಿರೋರು. ನಿಮಗೆ ಹೇಗೆ ತಿಳಿಯುತ್ತೋ ಹಾಗೆ ಮಾಡಿ ಮೇಡಂ," ಎಂದರು. ಟವೆಲಿನಿಂದ ಬೆರಳುಗಳನ್ನು ಒರೆಸಿಕೊಂಡು ಸೈಕಲ್ಲಿನ ಕಡೆ ಹೋದರು. ಅಲ್ಲಿಂದ ಮುಂದೆ ಅವರು ನನ್ನ ಜೊತೆ ಆಡಿದ್ದೆಲ್ಲ ಕೆಲಸದ ಮಾತು.

ವಿಚಾರಣೆಯ ತೀರ್ಮಾನ ಮಳೆಗಾಲದ ಕೊನೆಗೆ ಬಂತು. ಮುಖ್ಯಸ್ಥರು ಆದೇಶ ಕೊಟ್ಟದ್ದಕ್ಕೆ ಸಾಕ್ಷಿ ಸಾಲದು, ಏಕೆಂದರೆ ಕೇಳಿದೆ ಎನ್ನುವವಳು ಒಬ್ಬಳೇ. ಮುಖ್ಯಸ್ಥರು ಎಲ್ಲಕ್ಕೂ ನನ್ನನ್ನು ದೂರಬಹುದಿತ್ತು, ದೂರಲಿಲ್ಲ. ನನ್ನನ್ನು ಅಷ್ಟು ದೊಡ್ಡವಳೆಂದು ಅವರು ಎಣಿಸಿರಲೇ ಇಲ್ಲ. ಒಂದೆರಡು ತಿಂಗಳಲ್ಲಿ ಅವರು ಬಯಸಿದ್ದ ಮುಖ್ಯ ಕಚೇರಿಯ ಹುದ್ದೆ ಅವರಿಗೆ ಸಿಕ್ಕಿತು. ಹಿರಿಯ ಸಹಾಯಕರ ಮೇಲೆ ಮಾತ್ರ ಎರಡು ತಪ್ಪು ಬಿದ್ದವು. ಜಾಡಿಗಳನ್ನು ಕಾಯಲಿಲ್ಲ ಎಂಬುದು ಒಂದು. ವಿಚಾರಣೆಯಲ್ಲಿ ನಿಜ ಮುಚ್ಚಿಟ್ಟರು ಎಂಬ ಅನುಮಾನ ಇನ್ನೊಂದು. ನನ್ನ ಹೇಳಿಕೆ ಮುಖ್ಯಸ್ಥರನ್ನು ಹಿಡಿಯಲು ಸಾಲಲಿಲ್ಲ, ಹಿರಿಯರನ್ನು ಸುಳ್ಳುಗಾರ ಮಾಡಲು ಸಾಕಾಯಿತು. ಅವರನ್ನು ರಾಯಚೂರಿನ ಕಡೆಗೆ ವರ್ಗ ಮಾಡಿದರು. ಅಲ್ಲಿ ನಮ್ಮಂಥ ಲ್ಯಾಬೇ ಇರಲಿಲ್ಲ. ಬಾವಿಯ ನೀರು ಪರೀಕ್ಷೆ ಮಾಡುವ ಒಂದು ಕೋಣೆ ಇತ್ತಂತೆ.

ಹುಣಸೇಮರದ ಕೆಳಗೆ ಕೂರುವುದು ತಾನಾಗಿ ನಿಂತಿತು. ನಾನು ಒಬ್ಬಳೇ ಸಿಕ್ಕಾಗ ಕಿರಿಯ ಸಹಾಯಕ, "ನೀವು ಹೇಳಿದ್ದು ನಿಜಾನೇ ಬಿಡಿ," ಎನ್ನುತ್ತಿದ್ದ. ಬೇರೆಯವರಿದ್ದಾಗ ನನ್ನ ಕಡೆ ತಿರುಗುತ್ತಿರಲಿಲ್ಲ. ಹಿರಿಯರ ಜಾಗಕ್ಕೆ ಸ್ವಲ್ಪ ದಿನಕ್ಕೇ ಅವನು ಬಂದ. ಹೊಸದಾಗಿ ಸೇರಿದವನೊಬ್ಬನಿಗೆ, "ಆಯಮ್ಮನ ಮುಂದೆ ಹುಷಾರಾಗಿ ಮಾತಾಡು ಗುರು. ಎಲ್ಲಾ ನೆನಪಿಟ್ಕೊಳ್ತಾರೆ," ಎಂದು ಅವನು ಹೇಳುವುದನ್ನು ಪಕ್ಕದ ಕೋಣೆಯಿಂದ ಕೇಳಿದೆ. ಅವರಿಬ್ಬರೂ ನಕ್ಕರು.

ನನಗೆ ಹೆಚ್ಚು ಇರಿದದ್ದು ಅಟೆಂಡರನ ಮಾತು. ಅವನು ನನ್ನನ್ನು ಬೈಯಲಿಲ್ಲ. ಅವರೆಕಾಯಿ ಕಾಲ ಮತ್ತೆ ಬಂದಾಗ, ಈ ಸಲ ಕಾಯಿ ಹೇಗಿದೆ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅವನು ನೆಲ ನೋಡುತ್ತಾ, "ನಮ್ ಸಾಬ್ರುಗೆ ನೀವ್ ಇಂಗ್ ಮಾಡ್ಬಾರ್ದಿತ್ತು ಕಣವ್ವ," ಎಂದ.

"ನಾನು ನಿಜ ತಾನೇ ಹೇಳಿದ್ದು?"

"ನಿಜಾನೇ. ನಾನೂ ಅಲ್ಲೇ ಇದ್ನಲ್ಲ," ಎಂದ. "ನಂಗೂ ಗೊತ್ತಿತ್ತು. ಅದ್ಕೇ ಸುಮ್ಕಿದ್ದೆ."

ಮಾಕಳಿಯ ಜಾಡಿಯ ಬಗ್ಗೆ ಕೋರ್ಟಿಗೆ ನಮ್ಮಿಂದ ಹೋದ ಕಾಗದ ಎರಡೇ ಸಾಲಿನದು. ಮಾದರಿ ನಾಶವಾಗಿರುವುದರಿಂದ ಅಭಿಪ್ರಾಯ ನೀಡಲು ಸಾಧ್ಯವಿಲ್ಲ. ಹೇಗೆ ನಾಶವಾಯಿತು ಎಂಬುದು ಅದರಲ್ಲಿ ಇರಲಿಲ್ಲ. ಕೇಸು ಬಿದ್ದುಹೋಯಿತು, ಹುಡುಗಿಯ ಗಂಡನನ್ನು ಬಿಟ್ಟರು. ಆಮೇಲೆ ಒಂದು ಮಧ್ಯಾಹ್ನ ಆ ತಾಯಿ ಬಂದು ಗೇಟಿನ ಹತ್ತಿರ ಎಂದಿನ ಜಾಗದಲ್ಲಿ ಕೂತಳು. ನಾನು ಹೊರಗೆ ಹೋದೆ. ನಿಯಮದ ಮಾತು ಆಗ ನನಗೆ ಅಸಹ್ಯವಾಗಿತ್ತು. ಅವಳ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಊಟ, ಸುಣ್ಣ, ಮಳೆ, ನಾಯಿ, ವಿಚಾರಣೆಯಲ್ಲಿ ನಾನು ಹೇಳಿದ್ದು ಸಹ.

ನಾಯಿಯ ಮಾತು ಬಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮುಗಿಸಿದ ಮೇಲೆ ಸೆರಗನ್ನು ಕೆಳಗೆ ಬಿಟ್ಟಳು.

"ಇದ್ನ ನಂಗ್ಯಾಕ್ ಏಳ್ದೆ?" ಎಂದಳು.

"ನಿಮಗೆ ಗೊತ್ತಾಗ್ಬೇಕು ಅಂತ."

"ಗೊತ್ತಾಗಿ ನಾನೇನ್ ಮಾಡ್ಲವ್ವ? ಯಿಸ ಐತೋ ಇಲ್ವೋ ಅನ್ನೋದು ಗೊತ್ತಾಗ್ಬೇಕಿತ್ತು. ಅದ್ ಗೊತ್ತಾಗ್ಲಿಲ್ಲ." ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. "ಇಷ್ಟ್ ದಿನ ಮಗೀದು ಒಂದ್ ಸೀಸೇಲಾದ್ರೂ ಅದೆ ಅನ್ಕೊಂಡಿದ್ದೆ. ಅದ್ನೂ ಕಿತ್ಕೊಂಡೆ. ನಿನ್ ಎದೆ ಅಗುರ ಆಯ್ತಾ?"

ಎದ್ದು ಸೀರೆ ಕೊಡವಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

ನಾನು ಅಂದು ಹೇಳಿದ್ದು ಸುಳ್ಳಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ನಿಜ ಹೇಳಿದರೆ ಯಾರಿಗಾದರೂ ಒಬ್ಬರಿಗೆ ಉಪಯೋಗ ಆಗಲೇಬೇಕು ಎಂದು ಮಾತ್ರ ಆ ಮೇಲೆ ನಂಬಲಿಲ್ಲ. ಆ ಹಿತ್ತಲಿನಿಂದ ನನಗೆ ಬಂದ ವಿದ್ಯೆ ಅದೊಂದು.

ಹಿರಿಯ ಸಹಾಯಕರು ಹೆಂಡತಿಯ ಕಾಯಿಲೆ ತೋರಿಸಿ ವರ್ಗವನ್ನು ಸ್ವಲ್ಪ ಕಾಲ ಮುಂದಕ್ಕೆ ಹಾಕಿಸಿಕೊಂಡಿದ್ದರು. ಆಮೇಲೆ ಆಗಲಿಲ್ಲ. ಅವರು ಸಾಮಾನು ಕಟ್ಟುವ ಭಾನುವಾರ ನಾನು ಯಲಹಂಕಕ್ಕೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಆ ಬೀದಿಗೆ ಹೊಕ್ಕ ಕೂಡಲೇ ಮರೆತುಹೋಯಿತು. ಮನೆ ಮುಂದೆ ಲಾರಿ ನಿಂತಿತ್ತು. ಅವರು ಬನಿಯನ್ನಿನಲ್ಲಿ ಮಂಚದ ಕಾಲುಗಳಿಗೆ ಹಗ್ಗ ಸುತ್ತುತ್ತಿದ್ದರು. ನನ್ನನ್ನು ಕಂಡರು. ಹಗ್ಗದ ತುದಿ ಹುಡುಕುವವರಂತೆ ಬಗ್ಗಿದರು.

ನಾನು ಬಾಗಿಲಲ್ಲಿ ನಿಂತೆ. ಒಳಗೆ ಗೋಡೆಗಳು ಬರಿದು. ಅವರ ಹೆಂಡತಿ ಚಾಪೆಯ ಮೇಲೆ ದಿಂಬಿಗೆ ಒರಗಿದ್ದರು. ಮುಖ ಇನ್ನಷ್ಟು ಇಳಿದಿತ್ತು.

"ಬನ್ನಿ," ಎಂದರು. ಕೆಮ್ಮು ನಿಂತ ಮೇಲೆ, "ಅವರು ನಿಮ್ಮ ಬಗ್ಗೆ ಮನೇಲಿ ಒಂದು ಮಾತೂ ಆಡಲ್ಲ. ಒಳ್ಳೇದೂ ಆಡಲ್ಲ, ಕೆಟ್ಟದ್ದೂ ಆಡಲ್ಲ," ಎಂದರು. ದೂರೂ ಅಲ್ಲ, ಸಮಾಧಾನವೂ ಅಲ್ಲ. ನನಗೆ ತಿಳಿದಿರಲಿ ಎಂಬಂತೆ.

ಮದುವೆ ಏನಾಯಿತು ಎಂದು ಕೇಳಬಾರದಿತ್ತು, ಕೇಳಿದೆ.

"ಗಂಡಿನ ಕಡೆಯೋರು, ಅಷ್ಟು ದೂರ ಹೋಗ್ತಿದ್ದೀರಿ, ಆಮೇಲೆ ನೋಡೋಣ ಅಂದಿದ್ದಾರೆ." ಅವರು ಹೊದಿಕೆಯ ಅಂಚನ್ನು ಮಡಿಸಿದರು. "ಆಮೇಲೆ ಅಂದ್ರೆ ನಿಮಗೂ ಗೊತ್ತಲ್ಲ."

ಹೊರಡಲು ತಿರುಗಿದಾಗ ದೊಡ್ಡ ಮಗಳು ಅಡಿಗೆಮನೆಯಿಂದ ಒಂದು ತಟ್ಟೆ ತಂದಳು. ಅನ್ನ, ಹುಳಿ ಬೇಳೆಸಾರು, ಪಕ್ಕದಲ್ಲಿ ಉಪ್ಪಿನಕಾಯಿ. ನನ್ನ ಕಣ್ಣನ್ನು ತಪ್ಪಿಸಿ, ಪಾಠ ಒಪ್ಪಿಸುವವಳಂತೆ ಹೇಳಿದಳು:

"ನೀವು ಊಟ ಮಾಡಿ ಹೋಗ್ಬೇಕಂತೆ. ಅಬ್ಬಾ ಹೇಳಿದ್ರು."

"ಅವರೂ ಬರ್ತಾರಾ?"

"ಇಲ್ಲ. ನಿಮಗೆ ಮಾತ್ರ."

ಬೇಡ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಆ ಬರಿದಾದ ಕೋಣೆಯ ನಡುವೆ ಕೂತು ಒಬ್ಬಳೇ ಉಂಡೆ. ಹೊರಗೆ ಅವರು ಲಾರಿಯವನಿಗೆ ಪೆಟ್ಟಿಗೆ ಯಾವ ಕಡೆ ಇಡಬೇಕೆಂದು ದಖನಿಯಲ್ಲಿ ಹೇಳುತ್ತಿದ್ದರು. ಸಾರು ರುಚಿಯಾಗಿತ್ತು, ಅದು ಈಗಲೂ ನೆನಪಿದೆ, ನೆನಪಿರಬಾರದಿತ್ತು. ಉಂಡು, ತಟ್ಟೆಯನ್ನು ನಾನೇ ತೊಳೆಯಲು ಹೋದೆ. ಹುಡುಗಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹೊರಗೆ ಬಂದು ಲಾರಿಯ ಪಕ್ಕ ಒಂದು ಗಳಿಗೆ ನಿಂತೆ. ಅವರು ಲಾರಿಯ ಮೇಲೆ, ನನಗೆ ಬೆನ್ನು ಮಾಡಿ, ಚಾಪೆಗಳನ್ನು ಸುರುಳಿ ಸುತ್ತಿ ಮೂಲೆಗೆ ತುರುಕುತ್ತಿದ್ದರು. "ಬರ್ತೀನಿ ಸಾರ್," ಎಂದೆ. ಅವರ ಕೈ ಸ್ವಲ್ಪ ತಡೆಯಿತು. ಆಮೇಲೆ ಇನ್ನೊಂದು ಚಾಪೆ ಕೊಡುವಂತೆ ಕೆಳಗಿದ್ದವನಿಗೆ ಕೈ ಚಾಚಿದರು.